ನೆಟ್ಟ ಸಸಿ, ನಿಂತ ಕಾಡು

ಚಾತುರ್ಮಾಸ ಸಮೀಪಿಸಿತೆಂದರೆ ನಮ್ಮ ಸಮಾಜದ ವಾಟ್ಸ್‌ಆ್ಯಪ್ ಬಳಗಗಳಲ್ಲಿ ಎರಡು ಬಗೆಯ ಆಮಂತ್ರಣಗಳು ಬರತೊಡಗುತ್ತವೆ. ಒಂದು ಮುನಿಸಂಘದ ಪುರಪ್ರವೇಶದ್ದು, ಇನ್ನೊಂದು ವೃಕ್ಷಾರೋಪಣದ್ದು. ಈ ಸಲ ಎರಡನೆಯದರ ಬಗ್ಗೆ ಬರೆಯಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಬೇಲಾಪುರದ ಬೆಟ್ಟದ ತಪ್ಪಲಿನಲ್ಲಿ ನಾವು ಕೆಲವು ಕುಟುಂಬಗಳು ಸೇರಿ ಇನ್ನೂರು ಸಸಿಗಳನ್ನು ನೆಟ್ಟೆವು. ಬೇವು, ಹೊಂಗೆ, ನೇರಳೆ, ಬಾದಾಮಿ. ಪ್ರತಿಯೊಂದರ ಪಕ್ಕದಲ್ಲಿಯೂ ದಾನಿಯ ಹೆಸರಿನ ತಗಡಿನ ಫಲಕ. ಛಾಯಾಚಿತ್ರ, ಉಪಾಹಾರ, ವಂದನಾರ್ಪಣೆ ಎಲ್ಲವೂ ಕ್ರಮವಾಗಿ ನಡೆದವು. ಮುಂದಿನ ಏಪ್ರಿಲಿನಲ್ಲಿ, ಮಹಾವೀರ ಜಯಂತಿ ಮುಗಿದ ಮೇಲೆ, ಹಿರಿಯರೊಬ್ಬರ ಜೊತೆ ಅತ್ತ ಹೋದಾಗ ಫಲಕಗಳು ಬಹುಮಟ್ಟಿಗೆ ನಿಂತಿದ್ದವು, ಸಸಿಗಳಿರಲಿಲ್ಲ. ಎಣಿಸಿದೆವು. ಹಸಿರು ಉಳಿದವು ಇಪ್ಪತ್ತಕ್ಕೆ ಮೀರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದ ಆ ಹಿರಿಯರು ಕೊನೆಗೆ, "ಇಷ್ಟು ಜೀವಗಳನ್ನು ನರ್ಸರಿಯಿಂದ ತಂದು ಇಲ್ಲಿ ಬಾಯಾರಿಸಿ ಕೊಂದದ್ದು ನಮ್ಮ ಯಾವ ಲೆಕ್ಕಕ್ಕೆ ಸೇರಿತು?" ಎಂದು ಕೇಳಿದರು. ಉತ್ತರ ನಮ್ಮ ಬಳಿ ಇರಲಿಲ್ಲ. ಆ ದಿನ ಫೋಟೊದಲ್ಲಿ ನಿಂತವರಲ್ಲಿ ನಾವೂ ಒಬ್ಬರು.

ಸಸ್ಯವನ್ನು ಏಕೇಂದ್ರಿಯ ಜೀವವೆಂದು ಬಗೆದು, ಸೊಪ್ಪು ಗೆಡ್ಡೆಗಳ ವಿಷಯದಲ್ಲಿ ಇಷ್ಟೊಂದು ನಿಯಮಗಳನ್ನು ಪಾಲಿಸುವ ಸಮಾಜ, ನೂರಾರು ಸಸಿಗಳ ಸಾವನ್ನು ಪುಣ್ಯಕಾರ್ಯದ ಖಾತೆಗೆ ಬರೆದುಕೊಳ್ಳುತ್ತಿರುವುದು ವಿಚಿತ್ರ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಯೋಜನವಿಲ್ಲದೆ ಸಸ್ಯಗಳನ್ನು ಕಡಿಯುವುದನ್ನು ಪ್ರಮಾದಚರ್ಯೆಯೆಂದು ಹೇಳಿ ಅನರ್ಥದಂಡದೊಳಗೆ ಸೇರಿಸಿದ್ದಾರೆ. ಪ್ರಯೋಜನವಿಲ್ಲದೆ ನೆಡುವುದನ್ನು ಅವರು ಹೇಳಲಿಲ್ಲ; ಆ ಕಾಲದಲ್ಲಿ ಅಂತಹ ಕೆಲಸವನ್ನು ಯಾರೂ ಮಾಡುತ್ತಿರಲಿಲ್ಲವೆಂದು ತೋರುತ್ತದೆ.

ಮರಗಳಿಂದ ಹಿಂದೆ ನಾವು ನೆರಳು, ಹಣ್ಣು, ಮಳೆ ಕೇಳುತ್ತಿದ್ದೆವು. ಈಗ ಇನ್ನೊಂದು ಕೆಲಸವನ್ನೂ ಅವುಗಳ ಹೆಗಲಿಗೆ ಹೊರಿಸಿದ್ದೇವೆ. ಕೈಗಾರಿಕಾ ಯುಗಕ್ಕೆ ಮೊದಲು ವಾತಾವರಣದ ಪ್ರತಿ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280 ಭಾಗಗಳಷ್ಟಿತ್ತು. ಈಗ 420ನ್ನು ಮೀರಿದೆ. ಕಲ್ಲಿದ್ದಲು, ಡೀಸೆಲ್, ಅನಿಲಗಳನ್ನು ಸುಟ್ಟು ನಾವು ಮೇಲಕ್ಕೆ ಕಳುಹಿಸಿದ್ದನ್ನು ಮರಗಳು ಎಲೆಯ ಮೂಲಕ ಹೀರಿ ಕಾಂಡದಲ್ಲಿ, ಬೇರಿನಲ್ಲಿ, ಮಣ್ಣಿನಲ್ಲಿ ಕಟ್ಟಿಡಬೇಕು. ಪ್ಯಾರಿಸ್ ಒಪ್ಪಂದದ ಸಂದರ್ಭದಲ್ಲಿ ಭಾರತವು 2030ರೊಳಗೆ ಹೆಚ್ಚುವರಿ ಕಾಡು ಮತ್ತು ಮರಗಳ ಮೂಲಕ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡನ್ನು ಹೀರಿಡುವುದಾಗಿ ಜಗತ್ತಿಗೆ ಮಾತು ಕೊಟ್ಟಿದೆ. 2005ಕ್ಕೆ ಹೋಲಿಸಿದರೆ ಈಗಾಗಲೇ 229 ಕೋಟಿ ಟನ್ ಸಾಧಿಸಿದ್ದೇವೆಂದು ಭಾರತೀಯ ಅರಣ್ಯ ಸರ್ವೇಕ್ಷಣೆಯ 2023ರ ವರದಿ ಹೇಳುತ್ತದೆ.

ಈ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಆದರೆ ನಮ್ಮ ದೇಶ ಇಂಧನ ಸುಟ್ಟು ಹೊರಬಿಡುವ ಇಂಗಾಲದ ಡೈಆಕ್ಸೈಡ್ ಈಗ ವರ್ಷಕ್ಕೆ ಸುಮಾರು 300 ಕೋಟಿ ಟನ್. ಇಪ್ಪತ್ತೈದು ವರ್ಷಗಳಲ್ಲಿ ಕಾಡು ಹೀರಬೇಕಾದದ್ದು ಒಂದೇ ವರ್ಷದಲ್ಲಿ ನಮ್ಮ ಚಿಮಣಿಗಳಿಂದ ಹೊರಬರುತ್ತದೆ. ಬೆಳೆದ ಮರವೊಂದು ವರ್ಷಕ್ಕೆ ಸುಮಾರು 20 ಕೆ.ಜಿ. ಹೀರುತ್ತದೆಂಬುದು ಸಾಮಾನ್ಯವಾಗಿ ಬಳಕೆಯಲ್ಲಿರುವ ಅಂದಾಜು. ಸರಾಸರಿ ಭಾರತೀಯನ ಪಾಲು ವರ್ಷಕ್ಕೆ ಸುಮಾರು ಎರಡು ಟನ್. ಅಂದರೆ ಒಬ್ಬನಿಗೆ ನೂರು ಬೆಳೆದ ಮರಗಳು ಬೇಕು. ಎರಡು ಕಾರು, ನಾಲ್ಕು ಹವಾನಿಯಂತ್ರಕ, ವರ್ಷಕ್ಕೆ ಮೂರು ವಿಮಾನ ಪ್ರಯಾಣಗಳುಳ್ಳ ನಮ್ಮಂತಹ ಮನೆಗಳಿಗೆ ಎಷ್ಟು ಬೇಕೋ ಓದುಗರೇ ಹಾಕಿಕೊಳ್ಳಲಿ. ಆದುದರಿಂದ ಮರ ನೆಟ್ಟರೆ ಸುಟ್ಟದ್ದು ಸರಿಹೋಗುತ್ತದೆಂಬ ಭಾವನೆಯನ್ನು ಮೊದಲು ಬಿಡಬೇಕು. ಕಾಡು ಬೇಕು, ಖಂಡಿತವಾಗಿ ಬೇಕು. ಆದರೆ ಅದು ಸುಡುವುದನ್ನು ಕಡಿಮೆ ಮಾಡುವ ಕೆಲಸಕ್ಕೆ ಬದಲಿ ಅಲ್ಲ.

ಇನ್ನು "ಕಾಡು" ಎಂಬ ಪದದ ಮಾತು. ಸರ್ವೇಕ್ಷಣೆಯ ಲೆಕ್ಕದಲ್ಲಿ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ, ನೂರಕ್ಕೆ ಹತ್ತರಷ್ಟು ಹಸಿರು ಮೇಲ್ಛಾವಣಿ ಇರುವ ಯಾವ ನೆಲವೂ ಅರಣ್ಯಾವರಣವೇ. ಅದು ಪಶ್ಚಿಮ ಘಟ್ಟದ ದಟ್ಟ ಕಾಡಿರಬಹುದು, ನೀಲಗಿರಿ ತೋಪಿರಬಹುದು, ಮಾವಿನ ತೋಟವಿರಬಹುದು. ಅರಣ್ಯ ಮತ್ತು ಮರಗಳ ಹೊದಿಕೆ ದೇಶದ ವಿಸ್ತೀರ್ಣದ ಶೇ. 25.17 ಎಂದು ಹೇಳುವಾಗ ಈ ಎಲ್ಲವೂ ಸೇರಿರುತ್ತವೆ. ಹಳೆಯ ಕಾಡೊಂದು ಹೋಗಿ ಅಷ್ಟೇ ವಿಸ್ತಾರದ ತೋಪು ಬೇರೆಲ್ಲೋ ಬಂದರೆ ಈ ಲೆಕ್ಕದಲ್ಲಿ ಏನೂ ನಷ್ಟವಾಗುವುದಿಲ್ಲ.

ಬೇಲಾಪುರದಲ್ಲಿ ಕುಳಿತು ಈ ಸಂಪಾದಕೀಯ ಬರೆಯುವುದಕ್ಕೆ ಕಾರಣವಿದೆ. ನಮ್ಮ ಕಣ್ಣೆದುರಿನಲ್ಲಿಯೇ ಒಂದು ಕಾಡಿದೆ. ಅದನ್ನು ನಮ್ಮವರು ಕಾಡೆಂದು ಎಣಿಸುವುದೇ ಇಲ್ಲ. ಪಾಮ್ ಬೀಚ್ ರಸ್ತೆಯಲ್ಲಿ ಹೋಗುವಾಗ ಖಾಡಿಯ ಕಡೆಗೆ, ಬೇಲಾಪುರ ಕೋಟೆಯ ಆಚೆಗೆ, ದಿವಾಳೆಯ ಕೋಳಿ ಮೀನುಗಾರರ ದೋಣಿಗಳು ನಿಲ್ಲುವ ಕಡೆ ಕೆಸರಿನಲ್ಲಿ ಗಿಡ್ಡಗೆ ದಟ್ಟವಾಗಿ ನಿಂತಿರುವ ಕಾಂಡ್ಲಾ ಕಾಡು. ಮರಾಠಿಯಲ್ಲಿ ಇದಕ್ಕೆ ಕಾಂದಳವನ ಎನ್ನುತ್ತಾರೆ. ಕುಂದಾಪುರ, ಹೊನ್ನಾವರದ ಕಡೆಯಿಂದ ಬಂದವರಿಗೆ ಈ ಪದ ಪರಿಚಿತವೆನಿಸದೆ ಇರದು; ಕರಾವಳಿಯುದ್ದಕ್ಕೂ ಮಾತು ಬದಲಾದರೂ ಗಿಡದ ಹೆಸರು ಹೆಚ್ಚು ಬದಲಾಗಿಲ್ಲ. ಇಲ್ಲಿ ಹೆಚ್ಚಾಗಿರುವುದು ತಿವರ ಎಂಬ ಜಾತಿ. ಉಪ್ಪುನೀರು ಕುಡಿದು ಹೆಚ್ಚಾದ ಉಪ್ಪನ್ನು ಎಲೆಯ ಮೇಲೆ ಹೊರಹಾಕುತ್ತದೆ. ಕೆಸರಿನೊಳಗೆ ಗಾಳಿಯಿಲ್ಲದುದರಿಂದ ಪೆನ್ಸಿಲಿನಂತಹ ಉಸಿರುಬೇರುಗಳನ್ನು ನೆಲದಿಂದ ಮೇಲಕ್ಕೆ ಚಾಚುತ್ತದೆ.

ಗಾಳಿಯಿಲ್ಲದ ಆ ಕೆಸರೇ ಇಲ್ಲಿ ಮುಖ್ಯ. ಬೆಟ್ಟದ ಕಾಡಿನಲ್ಲಿ ಬಿದ್ದ ಎಲೆ ಕೊಳೆತು ಅದರ ಇಂಗಾಲದ ಬಹುಭಾಗ ಕೆಲವೇ ವರ್ಷಗಳಲ್ಲಿ ಮತ್ತೆ ಗಾಳಿಗೆ ಸೇರುತ್ತದೆ. ಕಾಂಡ್ಲಾ ಕಾಡಿನಲ್ಲಿ ಸತ್ತ ಬೇರು, ಬಿದ್ದ ಎಲೆ, ಉಬ್ಬರ ತಂದ ಹೂಳು ಎಲ್ಲವೂ ಪದರ ಪದರವಾಗಿ ಕೂರುತ್ತವೆ. ಆಮ್ಲಜನಕ ತಲುಪದುದರಿಂದ ಪೂರ್ತಿ ಕೊಳೆಯುವುದಿಲ್ಲ. ಇಂಗಾಲ ಶತಮಾನಗಳ ಕಾಲ ಅಲ್ಲಿಯೇ ಉಳಿಯುತ್ತದೆ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ತೀರಗಳ ಕಾಂಡ್ಲಾ ಕಾಡುಗಳನ್ನು ಅಳೆದು 2011ರಲ್ಲಿ 'ನೇಚರ್ ಜಿಯೋಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಹೆಕ್ಟೇರಿಗೆ ಸರಾಸರಿ 1,023 ಟನ್ ಇಂಗಾಲವನ್ನು ಕಂಡಿತು. ಅದರ ಬಹುಪಾಲು ಮರದಲ್ಲಿ ಅಲ್ಲ, ಕೆಳಗಿನ ಮಣ್ಣಿನಲ್ಲಿ. ಈ ಸರಾಸರಿಯನ್ನು ತಂದು ಎಲ್ಲ ಖಾಡಿಗಳಿಗೂ ಅಂಟಿಸಬಾರದು. ಆದರೆ ತತ್ತ್ವ ಒಂದೇ: ಈ ಕಾಡಿನ ಭಂಡಾರ ನೆಲದಡಿಯಲ್ಲಿದೆ. ಮರ ಕಡಿದು, ಕೆಸರು ಅಗೆದು, ಮಣ್ಣು ತುಂಬಿ ಒಣಗಿಸಿದರೆ ಶತಮಾನಗಳ ಕಾಲ ಕೂಡಿಟ್ಟದ್ದು ಗಾಳಿಗೆ ತೆರೆದುಕೊಳ್ಳುತ್ತದೆ. ಅದಕ್ಕೆ ಬದಲಾಗಿ ಇನ್ನೊಂದು ಜಿಲ್ಲೆಯಲ್ಲಿ ನೆಟ್ಟ ಬೇವಿನ ಸಸಿ ಎಷ್ಟು ಜನ್ಮ ಎತ್ತಿದರೂ ಆ ಋಣ ತೀರಿಸಲಾರದು.

ಇದನ್ನು ನ್ಯಾಯಾಲಯ ನಮಗಿಂತ ಮೊದಲೇ ಅರಿತಿತ್ತು. 2005ರ ಅಕ್ಟೋಬರಿನಲ್ಲಿ, ಅಂದರೆ ಜುಲೈ 26ರಂದು ಸಾಂತಾಕ್ರೂಝಿನಲ್ಲಿ 944 ಮಿ.ಮೀ. ಮಳೆ ಸುರಿದು ಮುಂಬಯಿ ಮುಳುಗಿದ ಕೆಲವೇ ವಾರಗಳ ಬಳಿಕ, ಬಾಂಬೆ ಹೈಕೋರ್ಟು ರಾಜ್ಯದಲ್ಲಿ ಕಾಂಡ್ಲಾ ಕಡಿಯುವುದನ್ನು ತಡೆದು ಮಧ್ಯಂತರ ಆದೇಶ ನೀಡಿತು. 2018ರ ಸೆಪ್ಟೆಂಬರ್ 17ರಂದು ನ್ಯಾಯಮೂರ್ತಿ ಅಭಯ ಓಕ ಮತ್ತು ನ್ಯಾಯಮೂರ್ತಿ ರಿಯಾಜ್ ಛಾಗಲಾ ಅವರ ಪೀಠ ಅಂತಿಮ ತೀರ್ಪು ಕೊಟ್ಟಿತು: ಕಾಂಡ್ಲಾ ನಾಶವು ಸಂವಿಧಾನದ 21ನೆಯ ವಿಧಿ ಕೊಟ್ಟ ಜೀವಿಸುವ ಹಕ್ಕಿನ ಉಲ್ಲಂಘನೆ, ಅದರ ಸುತ್ತಲಿನ 50 ಮೀಟರ್ ನೆಲದಲ್ಲಿಯೂ ಕಟ್ಟುವಂತಿಲ್ಲ. ಓಕ ಅವರು ಮರುವರ್ಷವೇ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿ ಬೆಂಗಳೂರಿಗೆ ಹೋದುದನ್ನು ನಮ್ಮ ಓದುಗರು ಬಲ್ಲರು. 2012ರಲ್ಲಿ ಮಹಾರಾಷ್ಟ್ರದ ಅರಣ್ಯ ಇಲಾಖೆ ಕಾಂಡ್ಲಾಕ್ಕಾಗಿಯೇ ಪ್ರತ್ಯೇಕ ಘಟಕವನ್ನು ತೆರೆದಿತ್ತು. 2015ರಲ್ಲಿ ಥಾಣೆ ಖಾಡಿಯ ಫ್ಲೆಮಿಂಗೊ ಅಭಯಾರಣ್ಯ ಘೋಷಣೆಯಾಯಿತು. 2022ರಲ್ಲಿ ಅದಕ್ಕೆ ರಾಮ್ಸರ್ ಮಾನ್ಯತೆ ಬಂದಿತು. ಕಾಗದದ ಮೇಲೆ ಇಷ್ಟು ರಕ್ಷಣೆ ಪಡೆದ ಕಾಡು ದೇಶದಲ್ಲಿ ಹೆಚ್ಚಿಲ್ಲ.

ಆದರೂ ತೀರ್ಪಿನಲ್ಲಿ ಒಂದು ಬಾಗಿಲು ತೆರೆದಿತ್ತು, ತೆರೆದಿರಲೇಬೇಕಿತ್ತೇನೋ. ಸಾರ್ವಜನಿಕ ಹಿತದ ಯೋಜನೆಗೆ ಅನಿವಾರ್ಯವಾದರೆ ಹೈಕೋರ್ಟಿನ ಅನುಮತಿ ಪಡೆದು ಕಡಿಯಬಹುದು. 2022ರ ಡಿಸೆಂಬರಿನಲ್ಲಿ ಮುಂಬಯಿ–ಅಹಮದಾಬಾದ್ ಬುಲೆಟ್ ರೈಲಿಗಾಗಿ ಮುಂಬಯಿ, ಠಾಣೆ, ಪಾಲಘರ ಜಿಲ್ಲೆಗಳಲ್ಲಿ ಸುಮಾರು 22 ಸಾವಿರ ಕಾಂಡ್ಲಾ ಮರಗಳನ್ನು ಕಡಿಯಲು ಅನುಮತಿ ದೊರೆಯಿತು. ಮೊದಲ ಯೋಜನೆಯಲ್ಲಿ 53 ಸಾವಿರಕ್ಕೂ ಹೆಚ್ಚು ಮರಗಳು ಹೋಗಬೇಕಿತ್ತು. ನಕ್ಷೆ ಬದಲಿಸಿ ಸಂಖ್ಯೆಯನ್ನು ಅರ್ಧಕ್ಕಿಂತ ಕಡಿಮೆ ಮಾಡಿದರು. ಖಾಡಿಯ ಕೆಳಗೆ ಏಳು ಕಿ.ಮೀ. ಸುರಂಗ ಕೊರೆಯುವುದೂ ಈ ಯೋಜನೆಯಲ್ಲಿದೆ. ಇದನ್ನು ನಾವು ಒಪ್ಪಿಕೊಂಡು ಹೇಳಬೇಕು: ಒತ್ತಾಯವಿದ್ದರೆ ಎಂಜಿನಿಯರುಗಳು ಬೇರೆ ದಾರಿ ಹುಡುಕಬಲ್ಲರು. ನಮ್ಮ ತಕರಾರು ಅದರ ಮುಂದಿನ ಮಾತಿನ ಬಗ್ಗೆ. ಕಡಿದ ಒಂದಕ್ಕೆ ಐದು ನೆಡುತ್ತೇವೆಂಬ ಭರವಸೆ ಅದು. ಈ ಮಾತು ಕೇಳಿದೊಡನೆ ಎಲ್ಲರ ಮನಸ್ಸು ಹಗುರವಾಗುತ್ತದೆ. ಒಂದಕ್ಕೆ ಐದು ಬಂದರೆ ಲಾಭವೇ ಅಲ್ಲವೇ?

ಶ್ರವಣಬೆಳಗೊಳದ ಮಠದ ಗೋಡೆಯ ಮೇಲೆ ಲೇಶ್ಯಾವೃಕ್ಷದ ಚಿತ್ರ ನೋಡಿದವರಿಗೆ ಕಥೆ ನೆನಪಿರುತ್ತದೆ. ಹಸಿದ ಆರು ಜನ ಹಣ್ಣಿನ ಮರವನ್ನು ಕಾಣುತ್ತಾರೆ. ಒಬ್ಬ ಬುಡ ಕಡಿಯೋಣವೆನ್ನುತ್ತಾನೆ, ಇನ್ನೊಬ್ಬ ದೊಡ್ಡ ಕೊಂಬೆ, ಮತ್ತೊಬ್ಬ ಸಣ್ಣ ಕೊಂಬೆ, ಬೇರೊಬ್ಬ ಗೊಂಚಲು, ಐದನೆಯವನು ಹಣ್ಣು ಮಾತ್ರ. ಆರನೆಯವನು ಬಿದ್ದದ್ದನ್ನು ಆರಿಸಿ ತಿನ್ನುತ್ತಾನೆ. ಕೃಷ್ಣದಿಂದ ಶುಕ್ಲದವರೆಗೆ ಆರು ಬಣ್ಣ. ಬುಡ ಕಡಿದು, ಹಣ್ಣು ತಿಂದು, "ಚಂದ್ರಪುರದಲ್ಲಿ ಐದು ಸಸಿ ನೆಡಿಸುತ್ತೇನೆ" ಎಂದು ರಸೀದಿ ಬರೆದುಕೊಡುವ ಏಳನೆಯವನನ್ನು ನಮ್ಮ ಚಿತ್ರಕಾರರು ಊಹಿಸಿರಲಿಲ್ಲ. ಅವನಿಗೆ ಯಾವ ಬಣ್ಣ ಹಚ್ಚಬೇಕೋ ತಿಳಿಯದು; ಇಂದಿನ ಕಡತಗಳಲ್ಲಿ ಅವನ ಬಣ್ಣ ಹಸಿರು.

ಪರಿಹಾರದ ಕಾಡಿಗೆ ಹಣದ ಕೊರತೆಯಿಲ್ಲ. ಕಾಡು ಕಳೆದುಕೊಂಡದ್ದಕ್ಕೆ ಯೋಜನೆಗಳಿಂದ ವಸೂಲು ಮಾಡಿದ ಹಣಕ್ಕಾಗಿ 2016ರಲ್ಲಿ ಪ್ರತ್ಯೇಕ ಕಾನೂನು ಬಂದಿತು. 2019ರ ಆಗಸ್ಟಿನಲ್ಲಿ ಕೇಂದ್ರವು 27 ರಾಜ್ಯಗಳಿಗೆ ಒಟ್ಟು 47,436 ಕೋಟಿ ರೂಪಾಯಿ ಹಸ್ತಾಂತರಿಸಿತು. ಸಂಕಲ್ಪದ ಕೊರತೆಯೂ ಇಲ್ಲ. ಮಹಾರಾಷ್ಟ್ರ 2016ರ ಜುಲೈ 1ರಂದು ಒಂದೇ ದಿನ ಎರಡು ಕೋಟಿ ಸಸಿ ನೆಡುವ ಅಭಿಯಾನ ನಡೆಸಿತು. 2019ರ ಹೊತ್ತಿಗೆ ಗುರಿ 33 ಕೋಟಿಗೆ ಏರಿತ್ತು. ಸರಕಾರ ಬದಲಾದ ಮೇಲೆ ಅದರ ತನಿಖೆಗೆ ವಿಧಾನಮಂಡಲದ ಸಮಿತಿಯೂ ಬಂದಿತು. ಒಂದು ಪಕ್ಷ ನೆಟ್ಟದ್ದನ್ನು ಇನ್ನೊಂದು ಪಕ್ಷ ಎಣಿಸಲು ಹೋಗುವುದು ನಮ್ಮ ರಾಜಕೀಯದಲ್ಲಿ ಹೊಸದಲ್ಲ. ಎರಡೂ ಪಕ್ಷಗಳು ಸಸಿಯ ಸಂಖ್ಯೆಯನ್ನೇ ಹಿಡಿದುಕೊಂಡಿವೆ ಎಂಬುದು ನಮ್ಮ ದೂರು. ನೆಟ್ಟ ದಿನದ ಸಂಖ್ಯೆಯಿಂದ ವಾತಾವರಣಕ್ಕೆ ಏನೂ ಆಗುವುದಿಲ್ಲ. ಹತ್ತನೆಯ ವರ್ಷ ನಿಂತಿರುವುದೆಷ್ಟು, ಅದು ಹೀರುವುದೆಷ್ಟು ಎಂಬುದಷ್ಟೇ ಲೆಕ್ಕ.

ಈ ವಿಷಯದಲ್ಲಿ ಕೇಂದ್ರದ 'ಗ್ರೀನ್ ಕ್ರೆಡಿಟ್' ಯೋಜನೆಯಲ್ಲಿ ಆದ ತಿದ್ದುಪಡಿಯನ್ನು ಮೆಚ್ಚಬೇಕು. 2023ರಲ್ಲಿ ನಿಯಮಗಳು ಬಂದ ಬಳಿಕ ಮೊದಲು ನಿಗದಿಯಾದ ಕ್ರಮದಲ್ಲಿ, ನೆಟ್ಟ ಮರಕ್ಕೊಂದು ಅಂಕ ಎಂಬ ಲೆಕ್ಕವಿತ್ತು. ಹೆಕ್ಟೇರಿಗೆ ಕನಿಷ್ಠ 1,100 ಸಸಿ ಇರಬೇಕೆಂಬ ಷರತ್ತಿತ್ತು. ಹುಲ್ಲುಗಾವಲಿನಲ್ಲಿ, ಕುರುಚಲು ಕಾಡಿನಲ್ಲಿ ಅಷ್ಟು ಸಸಿ ತುರುಕಿದರೆ ಅಲ್ಲಿರುವ ಹುಲ್ಲು, ಹಕ್ಕಿ, ಕೃಷ್ಣಮೃಗಗಳ ಗತಿಯೇನೆಂದು ಪರಿಸರ ವಿಜ್ಞಾನಿಗಳು ಕೇಳಿದರು. 2025ರ ಆಗಸ್ಟಿನಲ್ಲಿ ಕ್ರಮ ಬದಲಾಯಿತು: ಐದು ವರ್ಷಗಳ ಬಳಿಕ, ಶೇ. 40ರಷ್ಟು ಮೇಲ್ಛಾವಣಿ ಬಂದ ಮೇಲೆಯೇ ಅಂಕ. ಐದು ವರ್ಷ ಕಾಯಬೇಕೆಂಬುದು ಒಳ್ಳೆಯದು. ಆದರೆ ಆ ಅಂಕವನ್ನು ಇನ್ನೊಂದೆಡೆ ಕಾಡು ಕಡಿದುದಕ್ಕೆ ಪರಿಹಾರವಾಗಿ ತೋರಿಸಲು ಅವಕಾಶ ಕೊಡುವ ಆಲೋಚನೆ ಉಳಿದಿರುವವರೆಗೆ ಮೂಲ ದೋಷ ಉಳಿದೇ ಇರುತ್ತದೆ.

ಹಾಗಾದರೆ ಕಾಂಡ್ಲಾ ಕಾಡನ್ನು ಮರಳಿ ಬೆಳೆಸುವುದು ಹೇಗೆ? ಇದಕ್ಕೆ ದೇಶದೊಳಗೇ ಉತ್ತರವಿದೆ. ತಮಿಳುನಾಡಿನ ಪಿಚ್ಚಾವರಂನಲ್ಲಿ ಬ್ರಿಟಿಷರ ಕಾಲದಿಂದ ಸಾಲು ಸಾಲಾಗಿ ಕಾಂಡ್ಲಾ ಕಡಿದಿದ್ದರು. ಮರ ಹೋದ ಮೇಲೆ ಕೆಸರು ಒಣಗಿ ಕುಸಿದು ನೆಲ ತಟ್ಟೆಯಂತೆ ತಗ್ಗಾಯಿತು. ಬಂದ ಉಬ್ಬರದ ನೀರು ಹೊರಹೋಗದೆ ನಿಂತು, ಬಿಸಿಲಿಗೆ ಆವಿಯಾಗಿ, ಉಪ್ಪು ಮಿತಿಮೀರಿತು. ಅಲ್ಲಿ ಎಷ್ಟು ಬೀಜ ಬಿದ್ದರೂ ಮೊಳೆಯಲಿಲ್ಲ. 1990ರ ದಶಕದಲ್ಲಿ ಎಂ. ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದವರು ಅರಣ್ಯ ಇಲಾಖೆ ಮತ್ತು ಹಳ್ಳಿಯವರೊಡನೆ ಸೇರಿ ಮೀನಿನ ಮುಳ್ಳಿನ ಆಕಾರದಲ್ಲಿ ಕಾಲುವೆಗಳನ್ನು ತೋಡಿದರು. ನೀರು ದಿನಕ್ಕೆ ಎರಡು ಸಲ ಬಂದು ಹೋಗತೊಡಗಿತು, ಉಪ್ಪು ಇಳಿಯಿತು, ಕಾಡು ಮರಳಿತು. ಸಸಿ ನೆಟ್ಟರು ನಿಜ, ಆದರೆ ಕೆಲಸ ಮಾಡಿದ್ದು ಕಾಲುವೆ. ಇದಕ್ಕೆ ವಿರುದ್ಧವಾಗಿ ಫಿಲಿಪ್ಪೀನ್ಸಿನಲ್ಲಿ ದಶಕಗಳ ಕಾಲ ಕೋಟಿಗಟ್ಟಲೆ ಹಣ ಸುರಿದು, ಸುಲಭವಾಗಿ ಸಿಗುವ ಜಾತಿಯ ಸಸಿಗಳನ್ನು ಸಿಕ್ಕಿದ ಕೆಸರು ಬಯಲಿನಲ್ಲಿ ಊರಿದರು. ಉಳಿದದ್ದು ನೂರಕ್ಕೆ ಹತ್ತರಿಂದ ಇಪ್ಪತ್ತು ಎಂದು 2008ರ ಒಂದು ಪರಾಮರ್ಶೆ ತೋರಿಸಿತು. ಬೇಲಾಪುರದ ಬೆಟ್ಟದ ತಪ್ಪಲಿನಲ್ಲಿ ನಾವು ಕಂಡದ್ದೂ ಅದೇ ಪ್ರಮಾಣ.

ನಮ್ಮ ಪಕ್ಕದ ನೆರೂಲಿನಲ್ಲಿಯೇ ನೀರಿನ ದಾರಿಯ ಪಾಠ ಸಿಕ್ಕಿತು. ಅಲ್ಲಿಯ ಡಿಪಿಎಸ್ ಕೆರೆಗೆ ಖಾಡಿಯ ನೀರು ಬರುವ ದಾರಿಗಳು ಮುಚ್ಚಿಹೋಗಿ ಕೆರೆ ಒಣಗಿತು. 2024ರಲ್ಲಿ ಹಲವು ಫ್ಲೆಮಿಂಗೊಗಳು ಆ ಪರಿಸರದಲ್ಲಿ ಸತ್ತವು. ಸುದ್ದಿ ದೇಶವೆಲ್ಲ ಹರಡಿತು, ಸಮಿತಿ ಬಂದಿತು, 2025ರಲ್ಲಿ ಆ ಕೆರೆಯನ್ನು ಸಂರಕ್ಷಿತ ಮೀಸಲು ಪ್ರದೇಶವಾಗಿಸುವ ತೀರ್ಮಾನವೂ ಆಯಿತು. ಹಕ್ಕಿ ಗುಲಾಬಿ ಬಣ್ಣದ್ದಾದುದರಿಂದ ಅದರ ಸಾವು ಕಣ್ಣಿಗೆ ಬಿತ್ತು. ಅದೇ ಬಗೆಯ ಮುಚ್ಚಿದ ಮೋರಿಯ ಹಿಂದೆ ಕಾಂಡ್ಲಾ ಒಣಗಿದರೆ ಯಾರೂ ಸುದ್ದಿ ಮಾಡುವುದಿಲ್ಲ. ಕಡಿಯುವುದಕ್ಕೆ ಅನುಮತಿ ಬೇಕು. ರಾತ್ರಿ ಲಾರಿಯಲ್ಲಿ ಕಟ್ಟಡ ಒಡೆದ ಕಲ್ಲುಮಣ್ಣು ತಂದು ಸುರಿದು ಉಬ್ಬರದ ದಾರಿ ಕಟ್ಟಿದರೆ ಅನುಮತಿಯೂ ಬೇಡ, ಕೊಡಲಿಯೂ ಬೇಡ. ಎರಡು ಬೇಸಿಗೆ ಸಾಕು. ಆಮೇಲೆ ಅದು "ಖಾಲಿ ಜಾಗ."

ಈ ಮಾತಿಗೆ ಇನ್ನೊಂದು ಮಗ್ಗುಲಿದೆ, ಅದನ್ನು ಮುಚ್ಚಿಡಬಾರದು. ನವಿ ಮುಂಬಯಿಯ ಬಹುಭಾಗ ತಗ್ಗು ನೆಲದಲ್ಲಿ ಕಟ್ಟಿದ ನಗರ. 1970ರಲ್ಲಿ ಆರಂಭವಾದ ಸಿಡ್ಕೊ, ಡಚ್ಚರ ಮಾದರಿಯಲ್ಲಿ, ಖಾಡಿಯ ಅಂಚಿನಲ್ಲಿ ಹೊಂಡಗಳನ್ನು ನಿರ್ಮಿಸಿತು. ಉಬ್ಬರದ ಹೊತ್ತಿನಲ್ಲಿ ಮಳೆ ಸುರಿದರೆ ನೀರು ಅವುಗಳಲ್ಲಿ ನಿಂತು, ಇಳಿತದಲ್ಲಿ ಖಾಡಿಗೆ ಹರಿಯಬೇಕು. ವರ್ಷಗಳು ಕಳೆದಂತೆ ಹೂಳು ತುಂಬಿತು. ಹೂಳಿನಲ್ಲಿ ಕಾಂಡ್ಲಾ ತಾನಾಗಿಯೇ ಬೆಳೆಯಿತು. ಈಗ ಹೂಳೆತ್ತಬೇಕಾದರೆ ಕಾಂಡ್ಲಾ ತೆಗೆಯಬೇಕು, ಅದಕ್ಕೆ ಹೈಕೋರ್ಟಿಗೆ ಹೋಗಬೇಕು. ನೆಲಮಾಳಿಗೆಯಲ್ಲಿ ಕಾರು ಮುಳುಗಿದ ಬೇಲಾಪುರದ ನಿವಾಸಿಗೆ ಇಂಗಾಲದ ಪುರಾಣ ಹೇಳಿದರೆ ಸಿಟ್ಟು ಬರುವುದು ಸಹಜ. ನಮ್ಮ ಅಭಿಪ್ರಾಯದಲ್ಲಿ ಹೊಂಡದೊಳಗೆ ಬೆಳೆದುದನ್ನು, ನೀರಿನ ದಾರಿಗೆ ಅಡ್ಡವಾದಷ್ಟನ್ನು, ನ್ಯಾಯಾಲಯದ ಕಣ್ಣೆದುರಿನಲ್ಲಿ ತೆಗೆಯುವುದು ತಪ್ಪಲ್ಲ. ಹೊಂಡದ ಹೆಸರಿನಲ್ಲಿ ಖಾಡಿಯ ಅಂಚಿನ ಕಾಡಿಗೆ ಯಂತ್ರ ಇಳಿಸುವುದು ಮಾತ್ರ ತಪ್ಪು. ಇವೆರಡನ್ನು ಬೇರ್ಪಡಿಸಲು ನಕ್ಷೆ ಓದಬಲ್ಲ ನಾಗರಿಕರು ಬೇಕು. ಘೋಷಣೆ ಕೂಗುವವರಿಂದ ಆಗದು.

ಹಾಗೆಯೇ ಕಾಂಡ್ಲಾ ಇಲ್ಲದ ಕೆಸರು ಬಯಲೂ ಪಾಳು ನೆಲವಲ್ಲ. ಫ್ಲೆಮಿಂಗೊಗಳೂ ವಲಸೆ ಬರುವ ಇತರ ನೀರುಹಕ್ಕಿಗಳೂ ಮೇಯುವುದು ಅಲ್ಲಿಯೇ. ಅಲ್ಲಿ ಹೋಗಿ ಸಸಿ ಊರಿದರೆ ಒಂದು ಜೀವಲೋಕವನ್ನು ಕೆಡಿಸಿ ಇನ್ನೊಂದನ್ನು ಎಣಿಸಿದಂತೆ. ಇಂಗಾಲವೊಂದನ್ನೇ ಕಾಣುವ ಕಣ್ಣಿಗೆ ಇದು ತೋರುವುದಿಲ್ಲ.

ಖಾಡಿಯ ಆಚೆ ದಡದಲ್ಲಿ ಹೊಸ ವಿಮಾನ ನಿಲ್ದಾಣ ಕೆಲಸ ಆರಂಭಿಸಿದೆ. ಅದಕ್ಕೆ ಉಲ್ವೆಯ ಗುಡ್ಡ ತಗ್ಗಾಯಿತು, ನದಿಯ ಪಾತ್ರ ತಿರುಗಿತು, ಕಾಂಡ್ಲಾ ಹೋಯಿತು. 2010ರ ಪರಿಸರ ಅನುಮತಿಯಲ್ಲಿ ಬದಲಿ ಕಾಂಡ್ಲಾ ಬೆಳೆಸಬೇಕೆಂಬ ಷರತ್ತಿತ್ತು. ಮಂಗಳೂರಿಗೆ, ಹುಬ್ಬಳ್ಳಿಗೆ, ಬೆಳಗಾವಿಗೆ ಹೋಗಲು ನಮಗೆಲ್ಲ ಅನುಕೂಲವಾಯಿತೆಂಬುದನ್ನು ನಾಚಿಕೆಯಿಲ್ಲದೆ ಒಪ್ಪಿಕೊಳ್ಳೋಣ. ಆದರೆ ಷರತ್ತು ಪೂರೈಸಿತೇ ಎಂದು ಕೇಳುವ ಹಕ್ಕು ಆ ವಿಮಾನ ಹತ್ತುವವರಿಗೇ ಹೆಚ್ಚು.

ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕಾದ ಹದಿನೈದು ಜೀವನೋಪಾಯಗಳನ್ನು ಹೇಳುತ್ತಾರೆ. ಮರ ಸುಟ್ಟು ಇದ್ದಿಲು ಮಾಡುವುದು ಅವುಗಳಲ್ಲಿ ಒಂದು, ಕಾಡು ಕಡಿದು ಮಾರುವುದು ಇನ್ನೊಂದು, ಕಾಡಿಗೆ ಬೆಂಕಿಯಿಡುವುದು ಮತ್ತೊಂದು. ಕೊನೆಯದು ಸರಃಶೋಷ, ಅಂದರೆ ಕೆರೆ ಸರೋವರಗಳನ್ನು ಬತ್ತಿಸುವುದು. ನಾವು ದಿಗಂಬರರು ಈ ಪಟ್ಟಿಯನ್ನು ಹೆಚ್ಚು ಓದುವುದಿಲ್ಲ, ಶ್ವೇತಾಂಬರ ಬಂಧುಗಳು ಹೆಚ್ಚು ಓದಿಯೂ ಹೆಚ್ಚು ನೆನಪಿಡುವುದಿಲ್ಲ. ಇದನ್ನು ಓದಿ ಬೇಸರಪಡುವವರು ಇಬ್ಬರಲ್ಲಿಯೂ ಇರಬಹುದು. ಕಟ್ಟಡ, ಜಮೀನು, ಕಲ್ಲುಗಣಿಯ ವ್ಯವಹಾರದವರು ನಮ್ಮಲ್ಲಿ ಕಡಿಮೆಯೇನಿಲ್ಲ. ಈರುಳ್ಳಿಯ ವಿಷಯದಲ್ಲಿ ಮನೆಯ ಸೊಸೆಯನ್ನು ವಿಚಾರಿಸುವ ನಮ್ಮ ಸಭೆಗಳು, ಖಾಡಿಯ ಅಂಚಿನಲ್ಲಿ ಮಣ್ಣು ತುಂಬಿ ಕಟ್ಟಿದ ಹಣದಿಂದ ಬಂದ ದಾನವನ್ನು ಎಂದಾದರೂ ವಿಚಾರಿಸಿವೆಯೇ? ಹಣದ ಮೂಲ ಕೇಳುವ ಪದ್ಧತಿ ನಮ್ಮ ಬಸದಿಗಳ ಸಮಿತಿಗಳಲ್ಲಿ ಇಲ್ಲ. ಬರಬೇಕು. ದಾನಿಯ ಹೆಸರನ್ನು ಸಸಿಯ ಪಕ್ಕದ ತಗಡಿನಲ್ಲಿ ಬರೆಯುವುದಕ್ಕೆ ಮೊದಲು ಬರಬೇಕು.

ನೆಡಲೇಬಾರದೆಂದು ನಾವು ಹೇಳುತ್ತಿಲ್ಲ. ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕನವರು ಬೆಳೆಸಿದ ಆಲದ ಮರಗಳು ಸುಮಾರು 385. ಸಂಖ್ಯೆ ನೋಡಿದರೆ ನಮ್ಮ ಒಂದು ಕಾರ್ಯಕ್ರಮಕ್ಕಿಂತ ಸ್ವಲ್ಪ ಹೆಚ್ಚು. ಆದರೆ ಅವರೂ ಪತಿಯೂ ಕೊಡಗಳಲ್ಲಿ ನೀರು ಹೊತ್ತು, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿ, ವರ್ಷಗಟ್ಟಲೆ ಅವುಗಳ ಹಿಂದೆ ನಡೆದರು. ಅದಕ್ಕೇ ಅವು ಮರಗಳಾದವು. ಇನ್ನೂರು ಸಸಿಗೆ ಇಟ್ಟ ಹಣದಲ್ಲಿ ಇಪ್ಪತ್ತು ಸಸಿ ನೆಟ್ಟು, ಉಳಿದ ಹಣದಿಂದ ಐದು ವರ್ಷ ನೀರು ಹಾಕುವವರಿಗೆ ಸಂಬಳ ಕೊಟ್ಟರೆ ಬೆಟ್ಟದ ಮೇಲೆ ಉಳಿಯುವ ಮರಗಳ ಸಂಖ್ಯೆ ಅಷ್ಟೇ ಇರುತ್ತದೆ. ಸತ್ತ ನೂರೆಂಬತ್ತು ಜೀವಗಳ ಭಾರ ಮಾತ್ರ ಇರುವುದಿಲ್ಲ.

ಊರಿನ ಕಡೆಯ ಓದುಗರಿಗೂ ಇದರಲ್ಲಿ ಪಾಲಿದೆ. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯಲ್ಲಿ ಕಾಂಡ್ಲಾ ಮತ್ತು ಗಜನಿ ಗದ್ದೆಗಳು ಪಕ್ಕಪಕ್ಕದಲ್ಲಿಯೇ ಬಾಳಿವೆ. ಉಪ್ಪು ತಾಳುವ ಕಗ್ಗ ಭತ್ತ ಬೆಳೆದವರೂ ಚಿಪ್ಪಿಕಲ್ಲು ಆರಿಸುವವರೂ ಉಬ್ಬರ ಇಳಿತವನ್ನು ಗಡಿಯಾರದಂತೆ ಬಲ್ಲವರು. ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ಗೋಕರ್ಣದ ಕಡಲತೀರಕ್ಕೆ ಕರೆದೊಯ್ಯುವವರು ಅರ್ಧ ದಿನ ಅತ್ತಲೂ ಹೋಗಿಬರಬಹುದು. ಬೇಲಾಪುರದ ಮಕ್ಕಳಿಗೆ ಐರೋಲಿಯ ಕರಾವಳಿ ಜೀವವೈವಿಧ್ಯ ಕೇಂದ್ರ ಹತ್ತಿರವೇ ಇದೆ.

ಈ ಚಾತುರ್ಮಾಸದಲ್ಲಿ ನಮ್ಮ ಬೇಲಾಪುರದ ಕುಟುಂಬಗಳು ವೃಕ್ಷಾರೋಪಣ ಮಾಡುತ್ತಿಲ್ಲ. ಅದರ ಬದಲಿಗೆ ಭಾನುವಾರಗಳಂದು ಇಳಿತದ ಹೊತ್ತು ನೋಡಿಕೊಂಡು ನೆರೂಲಿನಿಂದ ಕೋಟೆಯವರೆಗೆ ಖಾಡಿಯ ಅಂಚಿನ ಮೋರಿಗಳನ್ನು ನೋಡಿ ಬರುವುದೆಂದು ತೀರ್ಮಾನವಾಗಿದೆ: ಯಾವುದು ತೆರೆದಿದೆ, ಯಾವುದು ಮುಚ್ಚಿದೆ, ಎಲ್ಲಿ ಹೊಸ ಮಣ್ಣು ಬಿದ್ದಿದೆ. ತಾರೀಖು ಸಹಿತ ಚಿತ್ರ ತೆಗೆದು ಇಡಬೇಕು. ಹೈಕೋರ್ಟಿನ ಆದೇಶದಂತೆ ಕಾಂಡ್ಲಾ ಸಂರಕ್ಷಣೆಯ ಸಮಿತಿ ಕೊಂಕಣ ವಿಭಾಗೀಯ ಆಯುಕ್ತರ ಅಧ್ಯಕ್ಷತೆಯಲ್ಲಿದೆ. ಅವರ ಕಚೇರಿ ಕೊಂಕಣ ಭವನದಲ್ಲಿ, ಬೇಲಾಪುರ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರ. ಅರ್ಜಿ ಮರಾಠಿಯಲ್ಲಿದ್ದರೆ ಕೆಲಸ ಬೇಗ. ಬರೆದುಕೊಡಲು ಹೈಸ್ಕೂಲಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು ಒಪ್ಪಿಕೊಂಡಿದ್ದಾರೆ.